ಲ್ಯಾಂಟರ್ನ್ ಯಾರ್ಡಿನ ಚೀಟಿ

ಪಠ್ಯಪುಸ್ತಕವಾಗಿ ಬೈಗುಳ ತಿಂದ ಕಾದಂಬರಿಗಳನ್ನೆಲ್ಲ ಒಂದು ತರಗತಿಯಲ್ಲಿ ಕೂರಿಸಿದರೆ ಜಾರ್ಜ್ ಎಲಿಯಟ್ ಅವರ 'ಸೈಲಸ್ ಮಾರ್ನರ್'ಗೆ ಮುಂದಿನ ಬೆಂಚೇ ಸಿಗುತ್ತದೆ. 1861ರ ಏಪ್ರಿಲ್‌ನಲ್ಲಿ ಪ್ರಕಟವಾದ ಈ ಪುಟ್ಟ ಕಾದಂಬರಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಅಮೆರಿಕದ ಹೈಸ್ಕೂಲುಗಳಲ್ಲಿ ಕಡ್ಡಾಯ ಓದಾಗಿ ನೆಲೆಯೂರಿತು. ಕಾಲೇಜು ಸೇರುವವರು ಓದಿರಲೇಬೇಕಾದ ಪುಸ್ತಕಗಳಲ್ಲಿ ಷೇಕ್ಸ್‌ಪಿಯರ್‌ನ ನಾಟಕಗಳ ಪಕ್ಕದಲ್ಲಿ ಇದೂ ಇತ್ತು. ಭಾರತದ ತರಗತಿಗಳಿಗೂ ಅದು 'ನಾನ್-ಡಿಟೇಲ್ಡ್' ಪಠ್ಯವಾಗಿ, ಅಲ್ಲಲ್ಲಿ ಕತ್ತರಿಸಿದ ಸಂಕ್ಷಿಪ್ತ ರೂಪದಲ್ಲಿ, ಜೊತೆಗೊಂದು ಗೈಡನ್ನು ಕರೆದುಕೊಂಡು ಬಂತು. ಗೈಡು ಓದಿದವರು ಪಾಸಾದರು. ಪುಸ್ತಕ ಓದಿದವರು ಆಕಳಿಸಿದರು.

ಈ ಆಯ್ಕೆಯ ಹಿಂದಿನ ಲೆಕ್ಕಾಚಾರ ಊಹಿಸುವುದು ಕಷ್ಟವಲ್ಲ. ಎಲಿಯಟ್ ಅವರ ಉಳಿದ ಕಾದಂಬರಿಗಳೆಲ್ಲ ದಪ್ಪ ದಪ್ಪ. ಇದು 21 ಅಧ್ಯಾಯ ಮತ್ತು ಒಂದು ಚಿಕ್ಕ ಉಪಸಂಹಾರದಲ್ಲಿ ಮುಗಿದುಹೋಗುತ್ತದೆ. ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು: ಒಬ್ಬ ಜಿಪುಣ ನೇಕಾರನ ಚಿನ್ನ ಕಳುವಾಗುತ್ತದೆ, ಆ ಜಾಗಕ್ಕೆ ಹೊಂಗೂದಲಿನ ತಬ್ಬಲಿ ಮಗು ಬರುತ್ತದೆ, ಅವನು ಮತ್ತೆ ಮನುಷ್ಯನಾಗುತ್ತಾನೆ. ಹಣಕ್ಕಿಂತ ಪ್ರೀತಿ ದೊಡ್ಡದು ಎಂಬ ನೀತಿ ಹತ್ತು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ. ಪಠ್ಯ ಸಮಿತಿಗೆ ಇನ್ನೇನು ಬೇಕು?

ಹದಿನೈದರ ಹುಡುಗ ಹುಡುಗಿಯರಿಗೆ ಮಾತ್ರ ಇದರಿಂದ ಏನೂ ದಕ್ಕುವುದಿಲ್ಲ. ಮೊದಲ ಅಧ್ಯಾಯಗಳಲ್ಲಿ ಮಾತುಕತೆಯೇ ವಿರಳ. ವಾಕ್ಯಗಳು ಹೊರಟ ಜಾಗ ಮರೆತುಹೋಗುವಷ್ಟು ದೂರ ಸಾಗುತ್ತವೆ. ಕಳ್ಳತನ ನಡೆದು ಇನ್ನೇನು ಕಥೆ ಓಡಬೇಕು ಅನ್ನುವ ಹೊತ್ತಿಗೆ ಲೇಖಕಿ 'ರೇನ್‌ಬೋ' ಎಂಬ ಹಳ್ಳಿಯ ಹೆಂಡದಂಗಡಿಗೆ ಹೊಕ್ಕು ಕೂತುಬಿಡುತ್ತಾರೆ. ಅಲ್ಲಿ ಕಟುಕ ಮತ್ತು ಕುದುರೆಗೆ ಲಾಳ ಹೊಡೆಯುವವ ಒಂದು ಕೆಂಪು ಹಸುವಿನ ವಿಚಾರವಾಗಿ ಗಂಭೀರವಾಗಿ ಜಗಳಾಡುತ್ತಾರೆ, ಅದೂ ಮಧ್ಯ ಇಂಗ್ಲೆಂಡಿನ ಆಡುಮಾತಿನಲ್ಲಿ. ಮಕ್ಕಳು ಸಿಡಿಮಿಡಿಗೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ಈ ಪುಸ್ತಕ ಅವರಿಗಾಗಿ ಬರೆದದ್ದೇ ಅಲ್ಲ. ಬರೆದು ಮುಗಿಸಿದಾಗ ಎಲಿಯಟ್‌ಗೆ 41 ವರ್ಷ. ವರ್ಡ್ಸ್‌ವರ್ತ್ ತೀರಿಕೊಂಡ ಮೇಲೆ ಇಂಥ ಕಥೆಯಲ್ಲಿ ಆಸಕ್ತಿ ಇರುವವರು ಯಾರಾದರೂ ಉಳಿದಿದ್ದಾರೆಯೇ ಎಂದು ಪ್ರಕಾಶಕ ಜಾನ್ ಬ್ಲಾಕ್‌ವುಡ್‌ಗೆ ಬರೆದ ಪತ್ರದಲ್ಲಿ ಅವರೇ ಅನುಮಾನಿಸಿದ್ದರು. ನಂಬಿದ್ದೆಲ್ಲ ಒಂದು ಬೆಳಿಗ್ಗೆ ಕುಸಿದುಬಿದ್ದು, ಆಮೇಲೂ ಹದಿನೈದು ವರ್ಷ ಸುಮ್ಮನೆ ಕೆಲಸ ಮಾಡಿಕೊಂಡು ಬದುಕಿದವನ ಕಥೆ ಇದು. ಇನ್ನೂ ಹದಿನೈದು ವರ್ಷವನ್ನೇ ಬದುಕಿ ಮುಗಿಸದವರಿಗೆ ಅದು ಹೇಗೆ ತಾಗಬೇಕು?

ಹಾಗಾಗಿ ಈ ಕಾದಂಬರಿಯ ನಿಜವಾದ ಓದು ಎರಡನೆಯ ಓದು. ನಲವತ್ತು ದಾಟಿದ ಮೇಲೆ ಇದನ್ನು ಮತ್ತೆ ಕೈಗೆತ್ತಿಕೊಂಡವರ ಕಣ್ಣು ಚಿನ್ನದ ಮೇಲೂ ಮಗುವಿನ ಮೇಲೂ ನಿಲ್ಲುವ ಮೊದಲು ಗೈಡು ಒಂದು ಸಾಲಿನಲ್ಲಿ ಹಾರಿಸಿಬಿಟ್ಟ ಮೊದಲ ಅಧ್ಯಾಯದ ಒಂದು ಘಟನೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಸೈಲಸ್ ಹಳ್ಳಿಯವನಲ್ಲ. ಉತ್ತರದ ಕೈಗಾರಿಕಾ ಪಟ್ಟಣವೊಂದರ ಲ್ಯಾಂಟರ್ನ್ ಯಾರ್ಡ್ ಎಂಬ ಗಲ್ಲಿಯಲ್ಲಿ ಬಡ ಕುಶಲಕರ್ಮಿಗಳ ಸಣ್ಣದೊಂದು ಕ್ರೈಸ್ತ ಪಂಥವಿದೆ. ಅವನು ಅದರೊಳಗೆ ಬೆಳೆದ ಶ್ರದ್ಧಾವಂತ ಯುವಕ. ವಿಲಿಯಂ ಡೇನ್ ಅವನ ಜೀವದ ಗೆಳೆಯ, ಸಾರಾ ಅವನಿಗೆ ಗೊತ್ತಾದ ಹುಡುಗಿ. ಸಭೆಯ ಹಿರಿಯರೊಬ್ಬರು ಸಾಯುವ ಸ್ಥಿತಿಯಲ್ಲಿದ್ದಾಗ ರಾತ್ರಿ ಕಾವಲು ಕೂತವನು ಸೈಲಸ್. ಅವನಿಗೆ ಆಗಾಗ ಮೈಮರೆವಿನ ರೋಗ ಬರುತ್ತದೆ. ಕಣ್ಣು ತೆರೆದೇ ಇರುತ್ತದೆ, ಅರಿವು ಇರುವುದಿಲ್ಲ. ಆ ರಾತ್ರಿಯೂ ಹಾಗೇ ಆಗಿರಬೇಕು. ಬೆಳಗಾಗುವ ಹೊತ್ತಿಗೆ ಹಿರಿಯರು ತೀರಿಕೊಂಡಿದ್ದಾರೆ, ಸಭೆಯ ಹಣದ ಚೀಲ ಮಾಯವಾಗಿದೆ, ಚೀಲವಿದ್ದ ಜಾಗದಲ್ಲಿ ಸೈಲಸ್‌ನ ಚಾಕು ಬಿದ್ದಿದೆ. ಖಾಲಿ ಚೀಲವನ್ನು ಅವನ ಕೋಣೆಯಿಂದಲೇ ಹುಡುಕಿ ತೆಗೆದವನು ವಿಲಿಯಂ ಡೇನ್. ಆ ಚಾಕುವನ್ನು ತಾನು ಕೊನೆಯ ಸಲ ಹೊರತೆಗೆದದ್ದು ಇದೇ ವಿಲಿಯಂಗೆ ಒಂದು ಪಟ್ಟಿ ಕತ್ತರಿಸಿಕೊಡಲು ಎಂಬುದು ಸೈಲಸ್‌ಗೆ ಆಮೇಲೆ ನೆನಪಾಗುತ್ತದೆ.

ಪಂಥದ ನಿಯಮದಂತೆ ಕೋರ್ಟಿಗೆ ಹೋಗುವ ಹಾಗಿಲ್ಲ. ಹಿರಿಯರು ಮೊಣಕಾಲೂರಿ ಪ್ರಾರ್ಥಿಸಿ ಚೀಟಿ ಎತ್ತುತ್ತಾರೆ. ಸೈಲಸ್ ನಿಶ್ಚಿಂತನಾಗಿ ಕಾಯುತ್ತಾನೆ, ದೇವರಿಗೆ ಸತ್ಯ ಗೊತ್ತಿದೆಯಲ್ಲ! ಚೀಟಿ ಹೇಳುತ್ತದೆ: ಸೈಲಸ್ ಮಾರ್ನರ್ ಅಪರಾಧಿ.

ಕಾದಂಬರಿಯ ಉಳಿದ ಪುಟಗಳೆಲ್ಲವೂ ಈ ಚೀಟಿಗೆ ಕೊಟ್ಟ ಉತ್ತರ, ಅಥವಾ ಉತ್ತರ ಸಿಗದ ಒದ್ದಾಟ. ಸೈಲಸ್ ಅಲ್ಲೇ ಎದ್ದು ನಿಂತು, ಈ ಲೋಕವನ್ನು ಆಳುವ ನ್ಯಾಯವಂತ ದೇವರು ಯಾರೂ ಇಲ್ಲ, ಇರುವುದು ಅಮಾಯಕರ ಮೇಲೆ ಸುಳ್ಳುಸಾಕ್ಷಿ ಹೇಳುವ ದೇವರು ಎಂಬರ್ಥದ ಮಾತಾಡಿ ಹೊರಟುಬಿಡುತ್ತಾನೆ. ತಿಂಗಳು ಕಳೆದು ಸ್ವಲ್ಪ ದಿನದಲ್ಲೇ ಸಾರಾ ವಿಲಿಯಂ ಡೇನ್‌ನನ್ನು ಮದುವೆಯಾಗುತ್ತಾಳೆ.

ಅವನ ಈ ಮಾತನ್ನು ನಿಧಾನವಾಗಿ ನೋಡಬೇಕು. ಸೈಲಸ್ ನಾಸ್ತಿಕನಾಗಲಿಲ್ಲ, ದೇವರು ಸುಳ್ಳುಗಾರ ಎಂದ. ಹೊರಗೆ ನಿಂತವರಿಗೆ ಹೊಳೆಯುವ ಸುಲಭದ ದಾರಿ ಇನ್ನೊಂದಿದೆ: ಚೀಟಿಯಲ್ಲಿ ದೇವರು ಇರಲೇ ಇಲ್ಲ, ಅದು ಬರೀ ಕಾಗದ ಎನ್ನಬಹುದು. ಆ ದಾರಿ ಸೈಲಸ್‌ಗೆ ಯಾಕೆ ಕಾಣಲಿಲ್ಲ ಎಂಬುದನ್ನು ಎಲಿಯಟ್ ಅಲ್ಲೇ ವಿವರಿಸುತ್ತಾರೆ. ಅವನಂಥವರಲ್ಲಿ ಭಕ್ತಿಯೂ ಭಕ್ತಿಯ ವಿಧಾನವೂ ಬೇರೆಬೇರೆಯಾಗಿರುವುದಿಲ್ಲ. ವಿಧಾನವನ್ನು ಪ್ರಶ್ನಿಸಲು ಬೇಕಾದಷ್ಟು ಸ್ವತಂತ್ರ ಯೋಚನೆಯನ್ನು ಅವನು ಹಿಂದೆಂದೂ ಮಾಡಿದವನಲ್ಲ. ಹಾಗಾಗಿ ಚೀಟಿ ಬಿದ್ದಾಗ ಅದರ ಜೊತೆ ದೇವರೂ ಬಿದ್ದ. ಆಚರಣೆಯೊಂದರ ಮೇಲೆ ನಂಬಿಕೆಯ ಪೂರ್ತಿ ಭಾರ ಹಾಕಿದವರಿಗೆ ಆಗುವ ಅನಾಹುತದ ಇಷ್ಟು ನಿಖರವಾದ ಚಿತ್ರ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಚ್ಚಿಲ್ಲ.

ಚೀಟಿ ಎತ್ತುವುದು ಎಲಿಯಟ್ ಕಟ್ಟಿದ ವಿಚಿತ್ರ ಕಲ್ಪನೆಯಲ್ಲ. ಬೈಬಲಿನಲ್ಲೇ ಅದಕ್ಕೆ ಮನ್ನಣೆಯಿದೆ. ಬಿರುಗಾಳಿಗೆ ಸಿಕ್ಕ ಹಡಗಿನವರು ಯಾರ ಪಾಪದಿಂದ ಹೀಗಾಯಿತು ಎಂದು ತಿಳಿಯಲು ಚೀಟಿ ಹಾಕಿದಾಗ ಅದು ಪ್ರವಾದಿ ಯೋನನ ಹೆಸರಿಗೆ ಬಿತ್ತು. ದ್ರೋಹಿ ಯೂದನಿಂದ ತೆರವಾದ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದೂ ಚೀಟಿಯಿಂದಲೇ. ಹದಿನೆಂಟನೆಯ ಶತಮಾನದ ಮೊರೇವಿಯನ್ ಪಂಥದವರು ಮದುವೆಗೂ ಚೀಟಿಯ ಒಪ್ಪಿಗೆ ಕೇಳುತ್ತಿದ್ದರು. ಅಮೆರಿಕದ ಮೊರೇವಿಯನ್ನರಲ್ಲಿ ಸಾಮಾನ್ಯ ಸದಸ್ಯರಿಗೆ ಆ ಕಟ್ಟು ಸಡಿಲಾದದ್ದು 1818ರಲ್ಲಿ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1737ರಲ್ಲಿ ಜಾರ್ಜಿಯಾದ ಸವಾನಾದಲ್ಲಿದ್ದಾಗ ಸೋಫಿಯಾ ಹಾಪ್ಕಿ ಎಂಬ ತರುಣಿಯನ್ನು ಮದುವೆಯಾಗಬೇಕೋ ಬೇಡವೋ ಎಂದು ತೊಳಲಾಡಿ ಮೂರು ಚೀಟಿ ಬರೆದರು: ಮದುವೆಯಾಗು, ಈ ವರ್ಷ ಬೇಡ, ಆ ಯೋಚನೆಯನ್ನೇ ಬಿಡು. ಬಂದದ್ದು ಮೂರನೆಯದು. ಸೋಫಿಯಾ ಬೇರೊಬ್ಬರನ್ನು ಮದುವೆಯಾದಳು, ವೆಸ್ಲಿ ಅವಳಿಗೆ ಪ್ರಭುಭೋಜನ ನಿರಾಕರಿಸಿದರು, ವಿಷಯ ಕಟಕಟೆಗೆ ಹೋಯಿತು, ಆ ವರ್ಷ ಮುಗಿಯುವುದರೊಳಗೆ ವೆಸ್ಲಿ ಜಾರ್ಜಿಯಾ ಬಿಟ್ಟರು. ಚೀಟಿಯನ್ನು ದೇವರು ಕಳಿಸಿದ್ದರೆ, ಅದಾದ ಮೇಲಿನ ಹೊಟ್ಟೆಯುರಿಯನ್ನು ಯಾರು ಕಳಿಸಿದರು ಎಂದು ಕೇಳಬಹುದು.

ಕನ್ನಡದ ಓದುಗರಿಗೆ ಇದು ಪರಕೀಯವೂ ಅಲ್ಲ. ದೇವರ ಮುಂದೆ ಕೂತು ಹೂವಿನ ಪ್ರಸಾದ ಕೇಳುವ, ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ ಎನ್ನುವ ಪದ್ಧತಿ ಮಲೆನಾಡು, ಕರಾವಳಿಯ ಗುಡಿಗಳಲ್ಲಿ ಇವತ್ತಿಗೂ ಇದೆ. ಹೆಣ್ಣು ನೋಡಿ ಬಂದವರು, ಬಾವಿ ತೋಡಿಸುವವರು, ವ್ಯಾಜ್ಯ ಹೂಡುವವರು ಕೇಳುತ್ತಾರೆ. ಪ್ರಸಾದ ತಪ್ಪಾಯಿತು ಎಂದು ಯಾರೂ ಹೇಳುವುದಿಲ್ಲ. ಕೇಳಿದ್ದರಲ್ಲಿ ದೋಷವಿತ್ತು, ಮೈಲಿಗೆಯಾಗಿತ್ತು ಎನ್ನುತ್ತಾರೆ. ಆ ಜಾಣತನದಲ್ಲಿ ದೇವರು ಉಳಿಯುತ್ತಾನೆ. ಲ್ಯಾಂಟರ್ನ್ ಯಾರ್ಡಿನ ಸೈಲಸ್‌ಗೆ ಅಂಥದೊಂದು ಹಿಂಬಾಗಿಲು ಇರಲಿಲ್ಲ.

ಸಂಕೇತಗಳನ್ನು ಓದುವ ಮನುಷ್ಯರ ಬಗ್ಗೆ ಎಲಿಯಟ್ ಅವರ ವ್ಯಂಗ್ಯ ಬಹಳ ಸೂಕ್ಷ್ಮವಾದದ್ದು. ಸೈಲಸ್‌ನ ಮೈಮರೆವನ್ನೇ ನೋಡಿ. ಒಮ್ಮೆ ಪ್ರಾರ್ಥನಾ ಸಭೆಯಲ್ಲೇ ಅದು ಬಂದಾಗ ಇಡೀ ಪಂಥಕ್ಕೆ ಅದು ದೈವಕೃಪೆಯಾಗಿ ಕಂಡಿತು. ವಿಲಿಯಂ ಡೇನ್ ಮಾತ್ರ ಅದರಲ್ಲಿ ಸೈತಾನನ ಕೈವಾಡ ಇರಬಹುದು ಎಂದ. ರೇವಲೋ ಎಂಬ ಹಳ್ಳಿಗೆ ಬಂದ ಮೇಲೆ ಅದೇ ರೋಗದ ಸುದ್ದಿ ಕೇಳಿದ ಹಳ್ಳಿಯವರು ಇವನ ಜೀವ ದೇಹ ಬಿಟ್ಟು ಅಡ್ಡಾಡುತ್ತದೆಯೋ ಏನೋ ಎಂದುಕೊಂಡರು. ರೋಗ ಒಂದೇ, ಓದಿದವರ ಆಸೆ, ಹೊಟ್ಟೆಕಿಚ್ಚು, ಭಯ ಬೇರೆಬೇರೆ. ತರಗತಿಯಲ್ಲಿ 'ಸೈಲಸ್‌ನ ಕಾಯಿಲೆ' ಎಂದು ಎರಡು ಅಂಕದ ಟಿಪ್ಪಣಿ ಬರೆಸಿದ ವಿಷಯ ಇದು.

ಈ ಪ್ರಶ್ನೆಗಳನ್ನು ಎಲಿಯಟ್ ಪುಸ್ತಕದಿಂದ ಕಲಿತವರಲ್ಲ. ಅವರ ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. 1819ರ ನವೆಂಬರ್ 22ರಂದು ವಾರ್ವಿಕ್‌ಷೈರಿನ ನನೀಟನ್ ಪಟ್ಟಣದ ಹತ್ತಿರ, ಜಮೀನ್ದಾರರೊಬ್ಬರ ಆಸ್ತಿ ನೋಡಿಕೊಳ್ಳುತ್ತಿದ್ದವರ ಮಗಳಾಗಿ ಹುಟ್ಟಿದರು. ಹದಿಹರೆಯದಲ್ಲಿ ಅವರದು ಕಡು ಧಾರ್ಮಿಕ ಮನಸ್ಸು. ಕಾವೆಂಟ್ರಿಗೆ ಬಂದ ಮೇಲೆ ರಿಬ್ಬನ್ ತಯಾರಕ ಚಾರ್ಲ್ಸ್ ಬ್ರೇ ಅವರ ಮನೆಯ ವಿಚಾರವಾದಿಗಳ ಒಡನಾಟ ದೊರೆಯಿತು. 1842ರ ಜನವರಿಯಲ್ಲಿ, 22ರ ವಯಸ್ಸಿನಲ್ಲಿ, ಇನ್ನು ಚರ್ಚಿಗೆ ಬರುವುದಿಲ್ಲ ಎಂದು ತಂದೆಗೆ ಹೇಳಿಬಿಟ್ಟರು. ಮನೆಯಲ್ಲಿ ತಿಂಗಳುಗಟ್ಟಲೆ ಮಾತಿಲ್ಲ ಕಥೆಯಿಲ್ಲ. ಕೊನೆಗೆ ರಾಜಿಯಾಯಿತು: ಮಗಳು ಚರ್ಚಿಗೆ ಬರುತ್ತಾಳೆ, ಅಲ್ಲಿ ಕೂತು ಏನು ಬೇಕಾದರೂ ಯೋಚಿಸಿಕೊಳ್ಳಬಹುದು. ಆಕೆ ಯೋಚಿಸಿದ್ದು ಬಹಳ. 1846ರಲ್ಲಿ ಡೇವಿಡ್ ಸ್ಟ್ರಾಸ್‌ನ ಯೇಸು ಚರಿತ್ರೆಯನ್ನೂ 1854ರಲ್ಲಿ ಲುಡ್ವಿಗ್ ಫಾಯರ್‌ಬಾಖ್‌ನ 'ಕ್ರೈಸ್ತಧರ್ಮದ ಸಾರ'ವನ್ನೂ ಜರ್ಮನ್‌ನಿಂದ ಇಂಗ್ಲಿಷಿಗೆ ತಂದರು. ಮೊದಲನೆಯದು ಪವಾಡಗಳನ್ನು ಪುರಾಣವೆಂದು ಬಿಡಿಸಿ ಇಟ್ಟರೆ, ಎರಡನೆಯದು ದೇವರೆಂದರೆ ಮನುಷ್ಯ ತನ್ನ ಒಳ್ಳೆಯತನವನ್ನೇ ಆಕಾಶಕ್ಕೆ ಎತ್ತಿ ಪೂಜಿಸಿದ್ದು ಎಂದು ವಾದಿಸಿತು. ಫಾಯರ್‌ಬಾಖ್‌ನ ವಿಚಾರಗಳನ್ನು ತಾವು ಪೂರ್ತಿ ಒಪ್ಪುವುದಾಗಿ ಅವರು ಗೆಳತಿಗೆ ಬರೆದರು. ಮೂಲ ಹೆಸರಿನಲ್ಲಿ ಅವರು ಪ್ರಕಟಿಸಿದ ಒಂದೇ ಪುಸ್ತಕ ಈ ಅನುವಾದ.

ಇಷ್ಟೆಲ್ಲ ತಿಳಿದ ಮೇಲೆ 'ಸೈಲಸ್ ಮಾರ್ನರ್' ನಾಸ್ತಿಕಳೊಬ್ಬಳ ವಾದಪತ್ರಿಕೆಯಾಗಿರಬೇಕು ಅನ್ನಿಸಬಹುದು. ಅಲ್ಲ. ವಾದವಾಗಿದ್ದರೆ ಮೊದಲ ಅಧ್ಯಾಯಕ್ಕೇ ಮುಗಿದುಹೋಗುತ್ತಿತ್ತು.

ರೇವಲೋದಲ್ಲಿ ಸೈಲಸ್ ಹದಿನೈದು ವರ್ಷ ಮಗ್ಗದ ಮುಂದೆ ಕೂರುತ್ತಾನೆ, ರಾತ್ರಿ ಗಿನಿಗಳನ್ನು ಎಣಿಸುತ್ತಾನೆ. ಅದೇ ಹಳ್ಳಿಯ ದೊಡ್ಡ ಮನೆಯಲ್ಲಿ ಗಾಡ್‌ಫ್ರಿ ಕ್ಯಾಸ್ ಇದ್ದಾನೆ. ಜಮೀನ್ದಾರನ ಹಿರಿಯ ಮಗ, ಒಳ್ಳೆಯ ಮನಸ್ಸು, ಗಟ್ಟಿತನ ಕಮ್ಮಿ. ಅಫೀಮಿನ ಚಟ ಹತ್ತಿದ ಮಾಲಿ ಎಂಬವಳನ್ನು ಗುಟ್ಟಾಗಿ ಮದುವೆಯಾಗಿದ್ದಾನೆ. ಬಹಿರಂಗವಾಗಿ ನ್ಯಾನ್ಸಿ ಎಂಬ ಗೌರವಸ್ಥೆಯನ್ನು ಬಯಸುತ್ತಾನೆ. ನಿಜ ಹೇಳುವ ಧೈರ್ಯವಿಲ್ಲ. ಏನಾದರೊಂದು ಆಗಿ ತಾನು ಪಾರಾದೇನು ಎಂದು ದಿನ ತಳ್ಳುತ್ತಾನೆ. ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ ಎಲಿಯಟ್ ಇಂಥವರ ದೇವರ ಹೆಸರು ಹೇಳುತ್ತಾರೆ: ಅನುಕೂಲದ ಅದೃಷ್ಟ. ತಮ್ಮ ಕೆಲಸದ ಫಲವನ್ನು ಎದುರಿಸಲಾರದವರೆಲ್ಲ ಪೂಜಿಸುವ ದೇವರು ಅದು.

ಶಾಲೆಯ ಓದಿನಲ್ಲಿ ಈ ಎರಡು ಕಥೆಗಳು ಬೇರೆಬೇರೆ, ಬಡವನದೊಂದು, ಸಾಹುಕಾರನದೊಂದು. ಮರುಓದಿನಲ್ಲಿ ಮೊದಲ ಅಧ್ಯಾಯದ ಚೀಟಿಯೂ ಒಂಬತ್ತನೆಯ ಅಧ್ಯಾಯದ ಅದೃಷ್ಟವೂ ಒಂದೇ ವಿಗ್ರಹದ ಎರಡು ಮುಖ ಎಂದು ಕಾಣತೊಡಗುತ್ತದೆ. ಲ್ಯಾಂಟರ್ನ್ ಯಾರ್ಡಿನವರು ಮೊಣಕಾಲೂರಿ, ಪ್ರಾರ್ಥಿಸಿ, ತಮ್ಮ ತೀರ್ಮಾನದ ಹೊಣೆಯನ್ನು ಆಕಸ್ಮಿಕಕ್ಕೆ ಒಪ್ಪಿಸಿದರು. ಗಾಡ್‌ಫ್ರಿ ಪ್ರಾರ್ಥನೆಯನ್ನೂ ಮಾಡದೆ ಅದನ್ನೇ ಮಾಡಿದ. ಸಾಕ್ಷಿ ವಿಚಾರಿಸಿ, ವಿಲಿಯಂ ಡೇನ್‌ನನ್ನು ಎದುರಿಗೆ ಕೂರಿಸಿ ನಾಲ್ಕು ಪ್ರಶ್ನೆ ಕೇಳುವುದು ಹಿರಿಯರಿಗೆ ಕಷ್ಟವಾಗಿತ್ತು. ಹೆಂಡತಿಯ ಹೆಸರು ಹೇಳುವುದು ಇವನಿಗೆ ಕಷ್ಟವಾಗಿತ್ತು. ಭಕ್ತಿಯ ವೇಷದಲ್ಲಿ ಬಂದ ಹೊಣೆಗೇಡಿತನವನ್ನು ಎಲಿಯಟ್ ಸಾಹುಕಾರನ ಮನೆಯ ಹೊಣೆಗೇಡಿತನಕ್ಕಿಂತ ಹೆಚ್ಚು ಗೌರವದಿಂದೇನೂ ನೋಡುವುದಿಲ್ಲ.

ಇನ್ನು ಮಗುವಿನ ಬರವು. ಸೈಲಸ್‌ನ 272 ಪೌಂಡುಗಳನ್ನು ಗಾಡ್‌ಫ್ರಿಯ ಪುಂಡ ತಮ್ಮ ಡನ್‌ಸ್ಟನ್ ಕದ್ದು ಕತ್ತಲಲ್ಲಿ ಕಾಣೆಯಾಗಿದ್ದಾನೆ. ಹೊಸವರ್ಷದ ಹಿಂದಿನ ರಾತ್ರಿ ಮಾಲಿ ಗಂಡನ ಮರ್ಯಾದೆ ಕಳೆಯುವ ಪಣ ತೊಟ್ಟು ಮಗು ಎತ್ತಿಕೊಂಡು ಹಿಮದಲ್ಲಿ ನಡೆದು ಬರುತ್ತಾಳೆ. ಅಫೀಮು ಕುಡಿದು ದಾರಿಯಲ್ಲೇ ಬೀಳುತ್ತಾಳೆ, ಏಳುವುದಿಲ್ಲ. ಮಗು ಬೆಳಕಿನ ಕಡೆ ತೆವಳುತ್ತದೆ. ಬಾಗಿಲಲ್ಲಿ ನಿಂತ ಸೈಲಸ್‌ಗೆ ಆ ಗಳಿಗೆಯಲ್ಲೇ ಮೈಮರೆವು. ಎಚ್ಚರವಾಗಿ ನೋಡಿದರೆ ಒಲೆಯ ಮುಂದೆ ಚಿನ್ನದ ಬಣ್ಣದ ಏನೋ ಮಲಗಿದೆ. ಮುಟ್ಟಿದರೆ ಮೃದುವಾದ ಕೂದಲು.

ಇದನ್ನು ದೈವಕೃಪೆ ಎಂದು ಕರೆಯಲು ಯಾರಿಗೆ ಮನಸ್ಸಾಗದು! ಗೈಡುಗಳು ಕರೆದದ್ದೂ ಹಾಗೆಯೇ. ಆದರೆ ಮಗು ಬಂದದ್ದು ದೇವರ ಕೃಪೆಯಾದರೆ ಮಾಲಿ ಹಿಮದಲ್ಲಿ ಹೆಣವಾದದ್ದು ಯಾರ ಕೃಪೆ? ಎಲಿಯಟ್ ಈ ಪ್ರಶ್ನೆಯನ್ನು ಕೇಳದೆ ತೋರಿಸುತ್ತಾರೆ. ಹೆಂಗಸೊಬ್ಬಳು ಹಿಮದಲ್ಲಿ ಬಿದ್ದಿದ್ದಾಳೆ ಎಂಬ ಸುದ್ದಿ ಬಂದಾಗ ಗಾಡ್‌ಫ್ರಿಯ ಎದೆಯಲ್ಲಿದ್ದ ಭಯ ಒಂದೇ: ಅವಳು ಸತ್ತಿರದಿದ್ದರೆ? ಅವನ ದೇವರು ಅವನಿಗೆ ಒಲಿದ. ಸೈಲಸ್‌ಗೆ ಮಗು ಸಿಕ್ಕ ರಾತ್ರಿಯೇ ಗಾಡ್‌ಫ್ರಿಗೆ ಬಿಡುಗಡೆ ಸಿಕ್ಕಿತು, ಇಬ್ಬರಿಗೂ ಆ ವರ ಕೊಟ್ಟದ್ದು ಒಂದೇ ಹೆಣ. ಇಲ್ಲಿ ದೈವವನ್ನೂ ಆಕಸ್ಮಿಕವನ್ನೂ ಬೇರ್ಪಡಿಸುವ ಗೆರೆ ಎಳೆಯಲು ಹೊರಟ ಓದುಗನ ಕೈ ನಡುಗಬೇಕು.

ಎಲಿಯಟ್ ಆ ಗೆರೆ ಎಳೆಯುವ ಕೆಲಸವನ್ನು ತಾವು ಮಾಡದೆ ಡಾಲಿ ವಿನ್‌ತ್ರಾಪ್ ಎಂಬ ಗಾಡಿ ಬಡಗಿಯ ಹೆಂಡತಿಗೆ ಒಪ್ಪಿಸುತ್ತಾರೆ. ಡಾಲಿಗೆ ಓದು ಬಾರದು. ಕೊಬ್ಬಿನ ಕೇಕು ಸುಟ್ಟು ಅದರ ಮೇಲೆ ಚರ್ಚಿನ ಬಟ್ಟೆಯಲ್ಲಿ ಕಂಡ ಮೂರು ಅಕ್ಷರಗಳನ್ನು ಚುಚ್ಚುತ್ತಾಳೆ. ಅವು ಯೇಸುವಿನ ಹೆಸರಿನ ಚಿಹ್ನೆ ಎಂಬುದು ಅವಳಿಗೆ ಗೊತ್ತಿಲ್ಲ, ಒಳ್ಳೆಯ ಅಕ್ಷರಗಳಿರಬೇಕು, ಚರ್ಚಿನಲ್ಲಿವೆಯಲ್ಲ ಎನ್ನುತ್ತಾಳೆ. ಹಣ ಕಳೆದುಕೊಂಡು ಕೂತ ಸೈಲಸ್‌ಗೆ ಆ ಕೇಕು ಕೊಡಲು ಪುಟ್ಟ ಮಗ ಆರನ್‌ನನ್ನು ಕರೆದುಕೊಂಡು ಬರುತ್ತಾಳೆ. ಫಾಯರ್‌ಬಾಖ್‌ನ ಗ್ರಂಥ ಕೊನೆಯಾಗುವುದು ನೀರು, ರೊಟ್ಟಿ, ದ್ರಾಕ್ಷಾರಸ ಇವೇ ಪವಿತ್ರ ಎಂಬ ಮಾತಿನಿಂದ. ಅದನ್ನು ಅನುವಾದಿಸಿದ ಕೈಯೇ ಏಳು ವರ್ಷದ ನಂತರ ಈ ಕೇಕನ್ನು ಸುಟ್ಟದ್ದು. ಜರ್ಮನ್ ತತ್ತ್ವಜ್ಞಾನ ಇಂಗ್ಲೆಂಡಿನ ಹಳ್ಳಿಯ ಅಡುಗೆಮನೆಗೆ ಇಷ್ಟು ಸದ್ದಿಲ್ಲದೆ ಬಂದದ್ದು ಬೇರೆಲ್ಲೂ ಕಾಣಸಿಗದು.

ಹದಿನಾರನೆಯ ಅಧ್ಯಾಯಕ್ಕೆ ಬರುವಾಗ ಮಗು ಎಪ್ಪಿ ಬೆಳೆದು ಹದಿನೆಂಟರ ಹುಡುಗಿ. ಈ ನಡುವೆ ಸೈಲಸ್ ಸ್ವಲ್ಪಸ್ವಲ್ಪವಾಗಿ ಚೀಟಿಯ ಕಥೆಯನ್ನು ಡಾಲಿಗೆ ಹೇಳಿಕೊಂಡಿದ್ದಾನೆ. ಅವಳಿಗೆ ಅದು ಅರ್ಥವಾಗುವುದಿಲ್ಲ, ಬಿಡಲೂ ಆಗುವುದಿಲ್ಲ. ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗುತ್ತಾಳೆ. ಒಂದು ರಾತ್ರಿ ಮಕ್ಕಳನ್ನು ಬಿಟ್ಟು ಸಾಯುತ್ತಿದ್ದ ಬಡ ಹೆಂಗಸೊಬ್ಬಳ ಪಕ್ಕ ಕೂತಿದ್ದಾಗ ಅವಳಿಗೆ ಏನೋ ಹೊಳೆಯುತ್ತದೆ. ಅದನ್ನು ತಡವರಿಸುತ್ತ ಸೈಲಸ್‌ಗೆ ಹೇಳುತ್ತಾಳೆ. ಅವಳ ತರ್ಕ ಹೀಗೆ: ಕೈಲಾಗಿದ್ದರೆ ನಾನೇ ನಿನಗೆ ನ್ಯಾಯ ಮಾಡುತ್ತಿದ್ದೆ, ಈ ತಬ್ಬಲಿ ಮಕ್ಕಳಿಗೂ ಏನಾದರೂ ಮಾಡುತ್ತಿದ್ದೆ, ನನ್ನಂಥ ಅಲ್ಪಳಿಗೇ ಇಷ್ಟು ಅನ್ನಿಸುವಾಗ ನನ್ನನ್ನು ಮಾಡಿದವರಿಗೆ ನನಗಿಂತ ಕಮ್ಮಿ ಕರುಣೆ ಇರಲು ಸಾಧ್ಯವೇ? ನಮಗೆ ಕಾಣದ್ದು ಏನೋ ಇರಬೇಕು.

ತಾರ್ಕಿಕವಾಗಿ ಇದರಲ್ಲಿ ತೂತುಗಳಿವೆ. ಕರುಣೆ ಇರುವವರು ಚೀಟಿಯನ್ನು ಸರಿಯಾಗಿ ಬೀಳಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಆ ತರ್ಕ ಸಾಗುವ ದಿಕ್ಕನ್ನು ನೋಡಬೇಕು. ಡಾಲಿ ದೇವರಿಂದ ಹೊರಟು ಮನುಷ್ಯರಿಗೆ ಬರುವುದಿಲ್ಲ. ತನ್ನೊಳಗಿನ ಮರುಕದಿಂದ ಹೊರಟು ದೇವರನ್ನು ಊಹಿಸುತ್ತಾಳೆ. ಫಾಯರ್‌ಬಾಖ್ ಹೇಳಿದ್ದೂ ಅದೇ ದಾರಿಯನ್ನು. ಅವನು ಆ ದಾರಿಯ ಕೊನೆಗೆ ಹೋಗಿ, ಇಲ್ಲಿರುವುದು ಮರುಕ ಮಾತ್ರ, ಆಚೆ ಯಾರೂ ಇಲ್ಲ ಎಂದ. ಡಾಲಿ ಅಷ್ಟು ದೂರ ಹೋಗುವುದಿಲ್ಲ. ಎಲಿಯಟ್ ಅವಳನ್ನು ತಿದ್ದುವುದಿಲ್ಲ. ಚರ್ಚನ್ನು ಬಿಟ್ಟ ಲೇಖಕಿ ತನ್ನ ಕಾದಂಬರಿಯ ಅತ್ಯುತ್ತಮ ವಾದವನ್ನು ಅಕ್ಷರ ಬಾರದ ಆಸ್ತಿಕಳ ಬಾಯಲ್ಲಿ ಇಟ್ಟು ಸುಮ್ಮನಾಗುತ್ತಾರೆ. ಈ ಸೌಜನ್ಯವನ್ನು ಸಂದಿಗ್ಧತೆ ಎಂದು ದೂರಿದವರಿದ್ದಾರೆ. ವಾಸ್ತವದಲ್ಲಿ ಇದು ಕಾದಂಬರಿಕಾರ್ತಿಯ ಪ್ರಾಮಾಣಿಕತೆ. ಮನೆಮನೆಗೆ ಹೋಗಿ ರೋಗಿಗಳ ಪಕ್ಕ ಕೂತವಳ ನಂಬಿಕೆಯನ್ನು ಕೂತು ಬರೆದವರು ಹಗುರ ಮಾಡಬಾರದು.

ಸೈಲಸ್‌ಗೆ ಅಷ್ಟಕ್ಕೆ ತೃಪ್ತಿಯಾಗುವುದಿಲ್ಲ. ಮೂವತ್ತು ವರ್ಷದ ನಂತರ ಎಪ್ಪಿಯನ್ನು ಕರೆದುಕೊಂಡು ಲ್ಯಾಂಟರ್ನ್ ಯಾರ್ಡಿಗೆ ಹೊರಡುತ್ತಾನೆ. ಅಲ್ಲಿನ ಪಾದ್ರಿ ಪ್ಯಾಸ್ಟನ್ ಅವರನ್ನು ಕಂಡು ಎರಡು ವಿಷಯ ಕೇಳಬೇಕು: ತಾನು ನಿರಪರಾಧಿ ಎಂಬುದು ಆಮೇಲಾದರೂ ಗೊತ್ತಾಯಿತೇ, ಮತ್ತು ಆ ಚೀಟಿಯ ಬಗ್ಗೆ ಅವರು ಏನು ಹೇಳುತ್ತಾರೆ. ಗಲ್ಲಿ ಹುಡುಕಿ ಹೋದರೆ ಪ್ರಾರ್ಥನಾಮಂದಿರವಿದ್ದ ಜಾಗದಲ್ಲಿ ದೊಡ್ಡ ಕಾರ್ಖಾನೆ. ಮಧ್ಯಾಹ್ನದ ಊಟಕ್ಕೆ ಗಂಡಸರು ಹೆಂಗಸರು ಗುಂಪುಗುಂಪಾಗಿ ಹೊರಬರುತ್ತಿದ್ದಾರೆ. ಪ್ಯಾಸ್ಟನ್ ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಪರೀಕ್ಷೆಗೆ ಓದುವಾಗ ಇದು ಕಥೆಗೆ ಸಂಬಂಧವಿಲ್ಲದ ಪ್ರಯಾಣ. ಯಾರೂ ಅದರ ಮೇಲೆ ಪ್ರಶ್ನೆ ಕೇಳುವುದಿಲ್ಲ. ಆದರೆ ಕಾದಂಬರಿಯ ನಡು ಇರುವುದೇ ಇಲ್ಲಿ. ಪ್ಯಾಸ್ಟನ್ ಸಿಕ್ಕಿದ್ದರೆ ಏನಾಗುತ್ತಿತ್ತು? ವಿಲಿಯಂ ಡೇನ್ ತಪ್ಪೊಪ್ಪಿಕೊಂಡ, ನಮ್ಮನ್ನು ಕ್ಷಮಿಸು ಎನ್ನಬಹುದಿತ್ತು. ಆಗ ಸೈಲಸ್‌ನ ಹೆಸರು ಶುದ್ಧವಾಗುತ್ತಿತ್ತು, ಚೀಟಿಯ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ದೇವರ ತೀರ್ಪು ಸುಳ್ಳಾಗದು, ನೀನೇ ಕಳ್ಳ ಎಂದಿದ್ದರೂ ಅಷ್ಟೇ. ಧರ್ಮಶಾಸ್ತ್ರದ ಒಂದು ಪ್ರಶ್ನೆಯನ್ನು ಎಲಿಯಟ್ ಇಲ್ಲಿ ಪರಿಹರಿಸುವುದಿಲ್ಲ. ಉತ್ತರ ಹೇಳಬೇಕಾದವರ ವಿಳಾಸವೇ ಇಲ್ಲದಂತೆ ಮಾಡುತ್ತಾರೆ. ಆ ಪಂಥವನ್ನು ಯಾವ ತತ್ತ್ವಜ್ಞಾನಿಯೂ ಸೋಲಿಸಲಿಲ್ಲ, ಕಾರ್ಖಾನೆ ಬಂದು ನಿಂತಿತು. ಊರಿಗೆ ಮರಳಿದ ಸೈಲಸ್ ಡಾಲಿಯ ಹತ್ತಿರ, ಇದು ನನಗೆ ಕೊನೆಯತನಕ ಕತ್ತಲೇ ಎನ್ನುತ್ತಾನೆ. ನಮಗೆ ಕತ್ತಲಾಗಿದ್ದ ಮಾತ್ರಕ್ಕೆ ನ್ಯಾಯ ಎಂಬುದು ಇಲ್ಲವೆಂದಲ್ಲ ಎಂಬರ್ಥದಲ್ಲಿ ಅವಳು ಉತ್ತರಿಸುತ್ತಾಳೆ. ಅವನು ಒಪ್ಪಿಕೊಳ್ಳುತ್ತಾನೆ, ಈ ಮಗು ಬಂದ ಮೇಲೆ ನಂಬಲು ಬೇಕಾದಷ್ಟು ಬೆಳಕು ಸಿಕ್ಕಿದೆ ಎಂದುಕೊಂಡು. ಬೆಳಕು ಸಿಕ್ಕಿತು ಎಂದನೇ ಹೊರತು ಉತ್ತರ ಸಿಕ್ಕಿತು ಎನ್ನಲಿಲ್ಲ.

ಕನ್ನಡದವರು ಇಲ್ಲಿಗೆ ಬರುವಾಗ ಇನ್ನೊಬ್ಬನ ನೆನಪು ಬಾರದಿರದು. ಯು. ಆರ್. ಅನಂತಮೂರ್ತಿ 1965ರಲ್ಲಿ 'ಸಂಸ್ಕಾರ'ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದಾಗ. ಎಲಿಯಟ್ ಹುಟ್ಟಿದ ನನೀಟನ್ ಅಲ್ಲಿಂದ 30–40 ಕಿ.ಮೀ. ದೂರ, ಅಷ್ಟೇ. ಇದನ್ನು ಪ್ರಭಾವ ಎಂದು ಎಳೆದಾಡಬೇಕಿಲ್ಲ. ಎರಡು ಕಾದಂಬರಿಗಳ ನಡುವೆ ಒಂದು ಶತಮಾನವೂ ಒಂದು ಅಗ್ರಹಾರವೂ ಇವೆ. ಆದರೂ ಅಗ್ರಹಾರದ ಕಟ್ಟಳೆ ಮುರಿದ ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಕೊಳೆಯುತ್ತಿರುವಾಗ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿಗಳಲ್ಲಿ ಉತ್ತರ ಸಿಗದೆ ಮಾರುತಿಯ ಗುಡಿಗೆ ಹೋಗಿ ಹೂವಿನ ಪ್ರಸಾದಕ್ಕೆ ಕಾಯುವ ಪುಟಗಳನ್ನು ಲ್ಯಾಂಟರ್ನ್ ಯಾರ್ಡಿನ ಪಕ್ಕದಲ್ಲಿಟ್ಟು ಓದಬೇಕು. ಇಲ್ಲಿಯೂ ಚಿನ್ನವಿದೆ, ಶವಸಂಸ್ಕಾರಕ್ಕೆಂದು ನಾರಣಪ್ಪನ ಜೊತೆಗಾತಿ ಚಂದ್ರಿ ಬಿಚ್ಚಿಟ್ಟ ಒಡವೆ ಕಂಡೊಡನೆ ಬ್ರಾಹ್ಮಣರ ಶಾಸ್ತ್ರಜಿಜ್ಞಾಸೆಗೆ ಹೊಸ ಹುರುಪು ಬರುತ್ತದೆ. ಸೈಲಸ್‌ನ ದೇವರು ತಪ್ಪು ಉತ್ತರ ಕೊಟ್ಟ. ಆಚಾರ್ಯರ ದೇವರು ಉತ್ತರವನ್ನೇ ಕೊಡಲಿಲ್ಲ, ಹೂವು ಬೀಳಲಿಲ್ಲ. ಹೆಚ್ಚು ಕ್ರೂರ ಯಾವುದು ಎಂದರೆ ಮೌನವೇ ಇರಬಹುದು: ತಪ್ಪು ಉತ್ತರ ಕೊಟ್ಟವನ ಮೇಲೆ ಸಿಟ್ಟಾದರೂ ಮಾಡಬಹುದು, ಊರು ಬಿಟ್ಟು ಹೋಗಬಹುದು.

ಎರಡೂ ಕಡೆ ದೇವರ ಅಪ್ಪಣೆಗೆ ಕಾಯದೆ ಆಗಬೇಕಾದ್ದನ್ನು ಮಾಡುವವರು ಅಂಚಿನವರು. ಶವವನ್ನು ರಾತ್ರೋರಾತ್ರಿ ಅಗ್ರಹಾರದ ಕಣ್ಣಿಗೆ ಬೀಳದಂತೆ ಸುಟ್ಟವರು ಚಂದ್ರಿ ಮತ್ತು ಅಹಮದ್ ಬ್ಯಾರಿ. ರೇವಲೋದಲ್ಲಿ ಕೇಕು ಹಿಡಿದು ಬಂದವಳು ಡಾಲಿ. ಆಚಾರ್ಯರು ಕೊನೆಯಲ್ಲಿ ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ ಮರಳಲು ಗಾಡಿ ಹತ್ತುತ್ತಾರೆ. ಅಲ್ಲಿ ಅವರು ಏನು ಹೇಳಿದರು ಎಂಬುದನ್ನು ಅನಂತಮೂರ್ತಿ ತೋರಿಸುವುದಿಲ್ಲ. ಸೈಲಸ್ ಹಳೆಯ ಊರಿಗೆ ಮರಳಿ ತಲುಪುತ್ತಾನೆ. ಕೇಳಲು ಯಾರೂ ಇರುವುದಿಲ್ಲ.

ಅಂದಹಾಗೆ, ಹೆಣ ಎಲ್ಲಿಗೆ ಎಂಬ ಪ್ರಶ್ನೆ ಎಲಿಯಟ್‌ರನ್ನೂ ಬಿಡಲಿಲ್ಲ. 1880ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡಬೇಕೆಂದು ಕೆಲವರು ಯತ್ನಿಸಿದರು. ಚರ್ಚನ್ನು ನಂಬದೆ, ಮದುವೆಯಾಗದೆ ಜಾರ್ಜ್ ಹೆನ್ರಿ ಲೂಯಿಸ್ ಜೊತೆ ದಶಕಗಟ್ಟಲೆ ಬಾಳಿದವರಿಗೆ ಆ ಜಾಗ ಹೊಂದದು ಎಂಬ ಅಭಿಪ್ರಾಯ ಗೆದ್ದಿತು. ಹಾಗೆ ಹೇಳಿದವರಲ್ಲಿ ಅವರ ಗೆಳೆಯ, ವಿಜ್ಞಾನಿ ಥಾಮಸ್ ಹಕ್ಸ್‌ಲಿಯೂ ಇದ್ದರು. ಹೈಗೇಟ್ ಸ್ಮಶಾನದಲ್ಲಿ ಲೂಯಿಸ್ ಪಕ್ಕ ಜಾಗವಾಯಿತು. ಅಬ್ಬೆಯಲ್ಲಿ ಸ್ಮಾರಕ ಶಿಲೆ ಬಂದದ್ದು 1980ರಲ್ಲಿ.

ಮರುಓದಿನಲ್ಲಿ ಇನ್ನೊಂದು ಅಧ್ಯಾಯ ತೂಕ ಪಡೆಯುತ್ತದೆ, ಹತ್ತೊಂಬತ್ತನೆಯದು. ಒಣಗಿದ ಕಲ್ಲುಕ್ವಾರಿಯಲ್ಲಿ ಡನ್‌ಸ್ಟನ್‌ನ ಅಸ್ಥಿಪಂಜರ, ಅದರ ಜೊತೆ ಸೈಲಸ್‌ನ ಹಣ ಸಿಕ್ಕಿದೆ. ಎಲ್ಲ ಒಂದು ದಿನ ಹೊರಬರುತ್ತದೆ ಎಂದು ಬೆದರಿದ ಗಾಡ್‌ಫ್ರಿ ಈಗ ತನ್ನ ಹೆಂಡತಿಯಾಗಿರುವ ನ್ಯಾನ್ಸಿಗೆ ನಿಜ ಹೇಳಿ, ಇಬ್ಬರೂ ಎಪ್ಪಿಯನ್ನು ಮಗಳೆಂದು ಕರೆದೊಯ್ಯಲು ಬರುತ್ತಾರೆ. ರಕ್ತದ ಹಕ್ಕಿದೆ, ಹಣವಿದೆ, ದೊಡ್ಡ ಮನೆಯಿದೆ. ಸೈಲಸ್ ಒಮ್ಮೆ ಕೋಪದಿಂದ ಮಾತಾಡಿ, ಆಮೇಲೆ ತನ್ನ ಆಸೆ ಅವಳಿಗೆ ಅಡ್ಡವಾಗಬಾರದು ಎಂದು ತೀರ್ಮಾನವನ್ನು ಅವಳಿಗೇ ಬಿಡುತ್ತಾನೆ. ಅವಳು ಹೋಗುವುದಿಲ್ಲ. ಕಾದಂಬರಿಯಲ್ಲಿ ಅಲ್ಲಿಯವರೆಗಿನ ದೊಡ್ಡ ತಿರುವುಗಳನ್ನೆಲ್ಲ ಚೀಟಿ, ಕಾಯಿಲೆ, ತೆರೆದ ಬಾಗಿಲು, ಹಿಮ ಇವು ನಿರ್ಧರಿಸಿದ್ದವು. ಇದೊಂದನ್ನು ಒಬ್ಬ ಮನುಷ್ಯಳು ಕಾರಣ ಕೊಟ್ಟು, ಎಲ್ಲರೆದುರು, ಬಾಯಿಬಿಟ್ಟು ನಿರ್ಧರಿಸುತ್ತಾಳೆ. ಶಾಲೆಯಲ್ಲಿ ಇದು ಕೃತಜ್ಞ ಮಗಳ ಕಣ್ಣೀರಿನ ದೃಶ್ಯವಾಗಿತ್ತು.

ಎಪ್ಪಿ ಡಾಲಿಯ ಮಗ ಆರನ್‌ನನ್ನು ಮದುವೆಯಾಗುತ್ತಾಳೆ. ಉಡುಪು ಕೊಡಿಸಿದವಳು ನ್ಯಾನ್ಸಿ. ಗಾಡ್‌ಫ್ರಿ ಏನೋ ಕೆಲಸದ ನೆಪ ಹೇಳಿ ಆ ದಿನ ಬೇರೆ ಊರಿಗೆ ಹೋಗಿದ್ದ. ರೇನ್‌ಬೋದಲ್ಲಿ ನಡೆದ ಮದುವೆ ಊಟದ ಖರ್ಚು ಮಾತ್ರ ಅವನದೇ.